ಅನ್ನಭಾಗ್ಯದಲ್ಲಿ ಅಕ್ಕಿಯ ಬದಲು ಹಣ ಕೊಟ್ಟಾಗ ಬಡ ಕುಟುಂಬಗಳಿಗೆ ಏನು ವ್ಯತ್ಯಾಸವಾಯಿತು?

ಕಾಗದದ ಲೆಕ್ಕದಲ್ಲಿ ಎರಡೂ ಒಂದೇ, ಅಡುಗೆಮನೆಯಲ್ಲಿ ಅಲ್ಲ. ಕೇಂದ್ರದ 5 ಕೆ.ಜಿ. ಅಕ್ಕಿಯ ಜೊತೆಗೆ ಇನ್ನೂ 5 ಕೆ.ಜಿ. ಕೊಡಲು ರಾಜ್ಯಕ್ಕೆ ದಾಸ್ತಾನು ಸಿಗಲಿಲ್ಲ. ಹಾಗಾಗಿ 2023ರ ಜುಲೈಯಿಂದ ಕೆ.ಜಿ.ಗೆ 34 ರೂಪಾಯಿಯಂತೆ ತಿಂಗಳಿಗೆ ತಲಾ 170 ರೂಪಾಯಿ ಬ್ಯಾಂಕ್ ಖಾತೆಗೆ ಬಂತು. ಅದು ಕೇಂದ್ರದ ಭಾರತೀಯ ಆಹಾರ ನಿಗಮದ ದರ. ಕಿರಾಣಿ ಅಂಗಡಿಯವನು ಆ ದರಕ್ಕೆ ಒಪ್ಪುವನೇ? ಐದು ಜನರ ಮನೆಗೆ 850 ರೂಪಾಯಿ ಸೇರಿದರೂ ಬೆಲೆ ಏರಿದರೆ ಹೊರೆ ಆ ಮನೆಯದೇ. ಅಕ್ಕಿ ಕೊಟ್ಟರೆ ಆ ಗೊಡವೆ ಸರ್ಕಾರದ್ದು. ಆಧಾರ್ ಜೋಡಣೆಯಾಗದ ಖಾತೆಗಳಿಗಂತೂ ಹಣವೇ ಬರಲಿಲ್ಲ. ಆದರೂ ರಾಗಿ, ಜೋಳ ಉಣ್ಣುವ ಮನೆಗಳಿಗೆ ಎಣ್ಣೆ, ಬೇಳೆ ತರಲು ನಗದೇ ಅನುಕೂಲ (ಬೇಳೆಯ ಬೆಲೆ ಮಾತ್ರ ಕೇಳಬೇಡಿ). 2025ರ ಫೆಬ್ರುವರಿಯಲ್ಲಿ ಸರ್ಕಾರ ಮತ್ತೆ ಅಕ್ಕಿಗೇ ಮರಳಿತು.