ಓದುಗರ ಪ್ರಶ್ನೆ, ನಮ್ಮ ಉತ್ತರ: ಬ್ರಿಟನ್ನಿನಲ್ಲಿ ಮಿತವ್ಯಯದ ವಿಹಾರ

ಪ್ರಶ್ನೆ: ಮಗಳು, ಅಳಿಯ ಲಂಡನ್ನಿಗೆ ಸಮೀಪದ ರೆಡಿಂಗ್‌ನಲ್ಲಿದ್ದಾರೆ. ಬೇಸಿಗೆಯಲ್ಲಿ ನಾವಿಬ್ಬರೂ ಅಲ್ಲಿರುತ್ತೇವೆ. ಏಳು ವರ್ಷದ ಮೊಮ್ಮಗನನ್ನು ಸುತ್ತಾಡಿಸುವ ಆಸೆಯಿದೆ. ಪೌಂಡನ್ನು ರೂಪಾಯಿಗೆ ಗುಣಿಸಿ ನೋಡಿದರೆ ಹೊರಡುವುದೇ ಬೇಡವೆನಿಸುತ್ತದೆ. ಮಕ್ಕಳಿಗೆ ಹೊರೆಯಾಗದಂತೆ ಏನು ನೋಡಬಹುದು?
(ದಾವಣಗೆರೆಯ ಓದುಗರು)

ಉತ್ತರ: ದಯವಿಟ್ಟು ಹೊರಡಿ. ಬ್ರಿಟನ್ನಿನಲ್ಲಿ ಕೈಕಚ್ಚುವುದು ರೈಲು ದರ ಮತ್ತು ಹೊರಗಿನ ಊಟ. ನೋಡತಕ್ಕ ಎಷ್ಟೋ ಜಾಗಗಳಿಗೆ ಪ್ರವೇಶ ಶುಲ್ಕವೇ ಇಲ್ಲ. ರಾಷ್ಟ್ರೀಯ ವಸ್ತುಸಂಗ್ರಹಾಲಯಗಳ ಶಾಶ್ವತ ಪ್ರದರ್ಶನಗಳು 2001ರ ಡಿಸೆಂಬರ್‌ನಿಂದ ಎಲ್ಲರಿಗೂ ಉಚಿತವಾಗಿವೆ. ವಿಶೇಷ ಪ್ರದರ್ಶನಗಳಿಗೆ ಮಾತ್ರ ಟಿಕೆಟ್ಟು. ಸೌತ್ ಕೆನ್ಸಿಂಗ್ಟನ್‌ನಲ್ಲಿ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ಸೈನ್ಸ್ ಮ್ಯೂಸಿಯಂ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಮೂರೂ ಅಕ್ಕಪಕ್ಕದಲ್ಲಿವೆ. ಮೂರನ್ನೂ ಒಂದೇ ದಿನ ಮುಗಿಸಲು ಹೋದರೆ ಹುಡುಗನೂ ದಣಿಯುತ್ತಾನೆ, ನೀವೂ ದಣಿಯುತ್ತೀರಿ. ದುಡ್ಡು ಕೊಟ್ಟಿಲ್ಲವಾದ್ದರಿಂದ ಎರಡು ಕೋಣೆ ನೋಡಿ ಹೊರಬಂದರೂ ನಷ್ಟವಿಲ್ಲ, ಇನ್ನೊಮ್ಮೆ ಬರಬಹುದು.

ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಸಂಗ್ರಹದಲ್ಲಿ ನಮ್ಮ ಶ್ರೀರಂಗಪಟ್ಟಣದ ಟಿಪ್ಪುವಿನ ಹುಲಿಯಿದೆ. ಯುರೋಪಿನ ಸಿಪಾಯಿಯೊಬ್ಬನನ್ನು ಕೆಡವಿ ಮೇಲೆ ನಿಂತಿರುವ ಮರದ ಹುಲಿಯಿದು. ಪಕ್ಕದ ಹಿಡಿಯನ್ನು ತಿರುಗಿಸಿದರೆ ಸಿಪಾಯಿಯ ಕೈ ಮೇಲೇಳುವ, ಅವನ ನರಳಾಟವೂ ಹುಲಿಯ ಗುರುಗುಟ್ಟುವಿಕೆಯೂ ಕೇಳುವ ಏರ್ಪಾಡು ಒಳಗಿದೆ. ಹುಲಿಯ ಪಕ್ಕೆಯಲ್ಲಿ ಪುಟ್ಟ ಆರ್ಗನ್ ವಾದ್ಯವೂ ಅಡಗಿದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಅರಮನೆಯಿಂದ ಕೊಂಡೊಯ್ದ ವಸ್ತುವೆಂಬುದನ್ನು ಮೊಮ್ಮಗನಿಗೆ ಹೇಳಬೇಕಾದವರು ನೀವೇ. ಅದು ಪ್ರದರ್ಶನದಲ್ಲಿದೆಯೇ ಎಂಬುದನ್ನು ಹೊರಡುವ ಮುನ್ನ ಮ್ಯೂಸಿಯಂನ ಜಾಲತಾಣದಲ್ಲಿ ಖಚಿತಪಡಿಸಿಕೊಳ್ಳಿ.

ಇನ್ನೊಂದು ದಿನವನ್ನು ಥೇಮ್ಸ್ ನದಿಯ ದಂಡೆಗೆ ಮೀಸಲಿಡಿ. ಲ್ಯಾಂಬೆತ್‌ನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ, ಪಾರ್ಲಿಮೆಂಟ್ ಭವನದ ಎದುರು ದಡದಲ್ಲಿ, 2015ರಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯಿದೆ. ಅಲ್ಲಿಂದ ನದಿಯಗುಂಟ ಟೇಟ್ ಮಾಡರ್ನ್ ಕಲಾ ಗ್ಯಾಲರಿಯವರೆಗೆ, ಕಾಲು ಒಪ್ಪಿದರೆ ಟವರ್ ಬ್ರಿಜ್‌ವರೆಗೆ, ಕೂತು ಕೂತು ನಡೆಯಬಹುದು. ಬುತ್ತಿ ಕಟ್ಟಿಕೊಂಡೇ ಹೋಗಿ. ಚಪಾತಿ ಪಲ್ಯವನ್ನು ಬೆಂಚಿನ ಮೇಲೆ ಬಿಚ್ಚಿ ತಿನ್ನುವುದಕ್ಕೆ ಅಲ್ಲಿ ಯಾರೂ ಏನೂ ಅನ್ನುವುದಿಲ್ಲ.

ಪ್ರಯಾಣಕ್ಕೆ ಫ್ಯಾಮಿಲಿ ಅಂಡ್ ಫ್ರೆಂಡ್ಸ್ ರೈಲ್‌ಕಾರ್ಡ್ ಮಾಡಿಸಿ. ಮಗು ಜೊತೆಗಿದ್ದರೆ ದೊಡ್ಡವರಿಗೆ ಮೂರನೇ ಒಂದು ಭಾಗ, ಮಗುವಿಗೆ ಶೇ. 60 ರಿಯಾಯಿತಿ ಸಿಗುತ್ತದೆ. ವಾರದ ದಿನಗಳಲ್ಲಿ ಬೆಳಗಿನ ದಟ್ಟಣೆಯ ಹೊತ್ತು ಕಳೆದ ಮೇಲೆ ಹೊರಡಬೇಕು. ಲಂಡನ್ ಬಸ್ಸಿನಲ್ಲಿ ನಗದು ನಡೆಯುವುದಿಲ್ಲ. ಒಬ್ಬೊಬ್ಬರೂ ತಮ್ಮದೇ ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡನ್ನು ಬಸ್ಸಿನ ಯಂತ್ರಕ್ಕೆ ತಾಗಿಸಿದರೆ, ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿ ಹತ್ತಿದರೂ ಒಂದೇ ದರ. ಹನ್ನೊಂದು ತುಂಬದ ಮಕ್ಕಳಿಗೆ ಬಸ್ಸು ಉಚಿತ.

ಪ್ರಶ್ನೆ: ಶೆಫೀಲ್ಡ್‌ನಲ್ಲಿ ಓದುತ್ತಿದ್ದೇನೆ. ಕಾರಿಲ್ಲ, ಕೈಯಲ್ಲಿ ಹೆಚ್ಚು ಹಣವೂ ಇಲ್ಲ. ಭಾನುವಾರಗಳನ್ನು ಹೇಗೆ ಕಳೆಯಲಿ?
(ಹುಬ್ಬಳ್ಳಿಯ ವಿದ್ಯಾರ್ಥಿ)

ಉತ್ತರ: ನಿಮ್ಮ ಮನೆಯ ಹಿಂಬದಿಯಲ್ಲೇ 1951ರಲ್ಲಿ ಘೋಷಣೆಯಾದ, ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾದ ಪೀಕ್ ಡಿಸ್ಟ್ರಿಕ್ಟ್ ಇದೆ. ಅಲ್ಲಿನ ರಾಷ್ಟ್ರೀಯ ಉದ್ಯಾನಗಳಿಗೆ ಗೇಟೂ ಇಲ್ಲ, ಟಿಕೆಟ್ಟೂ ಇಲ್ಲ. ಒಳಗೆ ಹಳ್ಳಿ, ಹೊಲ, ಶಾಲೆಗಳೆಲ್ಲ ಇವೆ. ಮ್ಯಾಂಚೆಸ್ಟರ್ ಕಡೆಯ ಪ್ಯಾಸೆಂಜರ್ ರೈಲು ಹತ್ತಿ ಈಡೇಲ್‌ನಲ್ಲಿಳಿದರೆ, ನಿಲ್ದಾಣದಿಂದಲೇ ಕಾಲುದಾರಿ ಶುರು. ಕಲ್ಲುಗೋಡೆ ದಾಟಲು ಕಟ್ಟಿದ ಮೆಟ್ಟಿಲು, ಕಂಬಕ್ಕೆ ಬಡಿದ ಹಳದಿ ಬಾಣದ ಗುರುತು, ಮುಂದೆ ಯಾರದೋ ಕುರಿ ಮೇಯುವ ಹೊಲ: ನಡೆಯಬಹುದೋ ಇಲ್ಲವೋ ಎಂದು ಮೊದಲ ಸಲ ಅಂಜಿಕೆಯಾಗುವುದು ಸಹಜ. ಹಳದಿ ಬಾಣವಿರುವ ದಾರಿಯಲ್ಲಿ ನಡೆಯುವುದು ಯಾರಿಗೂ ಇರುವ ಕಾನೂನುಬದ್ಧ ಹಕ್ಕು. ಗೇಟು ತೆರೆದಿದ್ದರೆ ತೆರೆದಂತೆಯೇ ಬಿಟ್ಟು, ಮುಚ್ಚಿದ್ದರೆ ದಾಟಿದ ಮೇಲೆ ಮತ್ತೆ ಮುಚ್ಚಿ ಮುಂದೆ ಹೋಗಿ, ಅಷ್ಟೆ. ಎದುರಿಗೆ ಕಾಣುವ ಕಿಂಡರ್ ಸ್ಕೌಟ್ ಗುಡ್ಡವನ್ನು ಜಮೀನುದಾರರು ಜನರಿಗೆ ಮುಚ್ಚಿದ್ದಾಗ, 1932ರಲ್ಲಿ ನೂರಾರು ಮಂದಿ ದುಡಿಯುವ ಯುವಕ ಯುವತಿಯರು ನಿಷೇಧ ಮೀರಿ ಹತ್ತಿದರು, ಕೆಲವರು ಜೈಲಿಗೂ ಹೋದರು. ಇಂದು ನೀವು ಪುಕ್ಕಟೆಯಾಗಿ ಹತ್ತುತ್ತಿರುವುದರಲ್ಲಿ ಅವರ ಪಾಲಿದೆ. ಒಳ್ಳೆಯ ಬೂಟು ಮತ್ತು ಮಳೆಯಂಗಿಗೆ ಮಾತ್ರ ಜಿಪುಣತನ ಬೇಡ. ಮೇಲೆ ಹವೆ ಗಳಿಗೆಯಲ್ಲಿ ಬದಲಾಗುತ್ತದೆ.

ಪ್ರಶ್ನೆ: ಕೋಟೆ, ಬಂಗಲೆಗಳ ಟಿಕೆಟ್ಟು ದುಬಾರಿ. ಇಂಥ ಹಳೆಯ ತಾಣಗಳನ್ನು ಕಾಪಾಡುವ, ಸದಸ್ಯರನ್ನು ತನ್ನ ತಾಣಗಳಿಗೆ ಉಚಿತವಾಗಿ ಬಿಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಸದಸ್ಯತ್ವ ಪಡೆಯಬೇಕೆ?
(ಬರ್ಮಿಂಗ್‌ಹ್ಯಾಮ್‌ನ ಕನ್ನಡಿಗರು)

ಉತ್ತರ: ತಿಂಗಳಿಗೊಂದು ಜಾಗ ನೋಡುವ ಹುಮ್ಮಸ್ಸಿದ್ದರೆ ಖಂಡಿತ ಪಡೆಯಿರಿ, ಅಪರೂಪಕ್ಕೆ ಹೋಗುವವರಾದರೆ ಬೇಡ. ಅಂಥವರು ಸೆಪ್ಟೆಂಬರ್ ತನಕ ಕಾಯುವುದು ಲೇಸು. ಆಗ ಇಂಗ್ಲೆಂಡಿನಾದ್ಯಂತ ನಡೆಯುವ ಹೆರಿಟೇಜ್ ಓಪನ್ ಡೇಸ್‌ನಲ್ಲಿ, ಸಾಮಾನ್ಯವಾಗಿ ಮುಚ್ಚಿರುವ ಅಥವಾ ಶುಲ್ಕವಿರುವ ಸಾವಿರಾರು ಕಟ್ಟಡಗಳು ಉಚಿತವಾಗಿ ತೆರೆದಿರುತ್ತವೆ. ಕೆಲವಕ್ಕೆ ಮುಂಗಡ ನೋಂದಣಿ ಬೇಕಾದ್ದರಿಂದ ಆಗಸ್ಟ್‌ನಲ್ಲೇ ಪಟ್ಟಿ ನೋಡಿ ಹೆಸರು ಕೊಡಿ.