‘ಒಲ್ಲೆ’ ಅನ್ನುವ ದ್ವೀಪ

ಪ್ರಿಯ ಓದುಗರೇ,

ದಕ್ಷಿಣ ಕೊರಿಯಾದ ಜೆಜು ದ್ವೀಪದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ನಿಮಗೆ ಸಿಟ್ಟು ತರಿಸಿದೆ. ನಿಮ್ಮ ಮಾತಲ್ಲೇ ಹೇಳುವುದಾದರೆ: “ದ್ವೀಪವೊಂದು ಜಗತ್ತಿಗೆ ಪರಿಚಯ ಆಯ್ತು ಅಂತ ಸಂಭ್ರಮಿಸಿದ್ದೀರಿ. ಎಪ್ಪತ್ತರ ಅಜ್ಜಿಯರು ಸಮುದ್ರಕ್ಕೆ ಧುಮುಕುವುದನ್ನು ದಡದಲ್ಲಿ ನಿಂತು ಫೋಟೋ ಹೊಡೆಯುವುದು ಯಾವ ಸಂಸ್ಕೃತಿ? ಜಗತ್ತಿಗೆ ತಲುಪೋದು ಅಂದ್ರೆ ಕೊನೆಗೆ ಮಾರಾಟ ಆಗೋದೇ ಅಲ್ವಾ? ಅಷ್ಟಾಗಿಯೂ ಅಲ್ಲಿಗೆ ಹೋಗುವುದಾದರೆ ಹೇಗೆ ಹೋಗಬೇಕು, ಅದನ್ನಾದರೂ ಹೇಳಿ.”

ಅರ್ಧ ಒಪ್ಪಿದೆ. ಹೋಟೆಲ್ಲು, ಕೆಫೆಗಳಿಗೆ ಜಾಗ ಜಾಸ್ತಿಯಾಯಿತು. ಆ ಅಜ್ಜಿಯರಿಗೆ ಸಿಕ್ಕಿದ್ದು ಒಂದು ಫೋಟೋ, ಎರಡು ಸಾಲು. ಪುಟ ಸಾಲದೆ ಕತ್ತರಿ ಹಾಕಿದ್ದು ನಾನೇ. ಹಾಗಾಗಿ ಕತ್ತರಿಸಿದ್ದನ್ನು ಮೊದಲು ಹೇಳುತ್ತೇನೆ.

ಅವರಿಗೆ ಹೆನ್ಯೊ ಅನ್ನುತ್ತಾರೆ, ಕಡಲ ಹೆಂಗಸರು ಅಂತ. ಸೊಂಟಕ್ಕೆ ಸೀಸದ ತೂಕ ಕಟ್ಟಿಕೊಂಡು, ಉಸಿರು ಬಿಗಿಹಿಡಿದು ಮುಳುಗುತ್ತಾರೆ. ಒಂದು ನಿಮಿಷದ ಆಸುಪಾಸು, ಹತ್ತು ಮೀಟರ್ ಆಳದವರೆಗೆ. ಬಂಡೆಗೆ ಕಚ್ಚಿಕೊಂಡ ಅಬಲೋನ್ ಚಿಪ್ಪು ಎಬ್ಬಿಸಬೇಕು, ಶಂಖ ಆರಿಸಬೇಕು, ಮೇಲೆ ಬರಬೇಕು. ಮೇಲೆ ಬಂದ ತಕ್ಷಣ ಬಾಯಿಂದ ಹೊರಡುವ ಸದ್ದು ಸಿಳ್ಳೆಯ ಹಾಗಿರುತ್ತದೆ. ಅದಕ್ಕೇ ಒಂದು ಹೆಸರಿದೆ, ಸುಂಬಿಸೊರಿ. ಉಸಿರಿನ ಸದ್ದು. ನೀರಿನ ಮೇಲೆ ತೇಲುವ ಬೆಂಡನ್ನು ತಬ್ಬಿಕೊಂಡು ಸುಧಾರಿಸಿಕೊಳ್ಳುತ್ತಾರೆ. ಮತ್ತೆ ಕೆಳಗೆ.

1970ರ ದಶಕದಲ್ಲಿ ರಬ್ಬರ್ ಉಡುಪು ಬಂತು. ಅದುವರೆಗೆ ಹತ್ತಿಬಟ್ಟೆಯಲ್ಲಿ ಚಳಿಗೆ ನಡುಗುತ್ತಿದ್ದವರು ಅದನ್ನು ಖುಷಿಯಿಂದ ತೊಟ್ಟರು. ಆದರೆ ಉಸಿರಾಡಲು ಗಾಳಿ ತುಂಬಿದ ಸಿಲಿಂಡರ್ ಬೇಡ ಅಂದರು. ಯಾಕೆ ಗೊತ್ತಾ? ಸಿಲಿಂಡರ್ ಇದ್ದರೆ ಒಬ್ಬಳೇ ಇಡೀ ಬಂಡೆ ಬೋಳು ಮಾಡಬಹುದು. ಉಸಿರು ಎಷ್ಟು ಹೊತ್ತೋ ಫಸಲು ಅಷ್ಟೇ. ಯಾವ ದಿನ ಇಳಿಯಬೇಕು, ಯಾವ ತಿಂಗಳು ಯಾವುದಕ್ಕೆ ಕೈಹಚ್ಚಬಾರದು ಅನ್ನುವುದಕ್ಕೆ ಆಯಾ ಊರಿನ ಮೀನುಗಾರರ ಸಂಘದಲ್ಲಿ ಕಟ್ಟುಪಾಡು ಇದೆ. ಇನ್ನೊಂದೇ ಒಂದು ಚಿಪ್ಪು ಅಂತ ಆಸೆಪಟ್ಟು ನೀರೊಳಗೇ ಎಳೆದುಕೊಳ್ಳುವ ಉಸಿರಿಗೂ ಒಂದು ಹೆಸರಿಟ್ಟಿದ್ದಾರೆ: ಮುಲ್‌ಸುಮ್, ನೀರುಸಿರು. ಅದು ಕೊನೆಯುಸಿರು.

ಯುನೆಸ್ಕೊ ಪಟ್ಟಿಗೆ ಈ ಬದುಕು ಸೇರಿದ್ದು 2016ರಲ್ಲಿ. 1970ರಲ್ಲಿ 14 ಸಾವಿರಕ್ಕೂ ಹೆಚ್ಚು ಹೆನ್ಯೊಗಳಿದ್ದರು, ಈಗ 3 ಸಾವಿರಕ್ಕಿಂತ ಕಡಿಮೆ. ಹೆಚ್ಚಿನವರಿಗೆ ಅರವತ್ತು ದಾಟಿದೆ. ಹೆಸರು ಬಂದ ಮಾತ್ರಕ್ಕೆ ಸಮುದ್ರಕ್ಕಿಳಿಯಲು ಹುಡುಗಿಯರು ಓಡಿಬರಲಿಲ್ಲ. ಸೊಂಗ್‌ಸಾನ್ ಬೆಟ್ಟದ ಬುಡದಲ್ಲಿ ಪ್ರವಾಸಿಗರಿಗಾಗಿ ಪ್ರದರ್ಶನವೂ ನಡೆಯುತ್ತದೆ. ಅಲ್ಲಿ ನಿಮ್ಮ ಸಿಟ್ಟು ನ್ಯಾಯವೇ.

ಆದರೆ ಮಾರಾಟ ಅಂದ ಕೂಡಲೇ ಮೂಗು ಮುರಿಯುವುದು ನನ್ನಿಂದಾಗದು. ಜೆಜುವಿನಲ್ಲಿ ಕಿತ್ತಳೆ ಗಿಡಕ್ಕೆ ಒಂದು ಕಾಲದಲ್ಲಿ ‘ಕಾಲೇಜು ಮರ’ ಅನ್ನುತ್ತಿದ್ದರು. ಹಿತ್ತಲಲ್ಲಿ ನಾಲ್ಕು ಗಿಡ ಇದ್ದರೆ ಮಕ್ಕಳ ಕಾಲೇಜು ಫೀಸು ಹುಟ್ಟುತ್ತಿತ್ತು. ತಲೆಯ ಮೇಲೆ ಉಬ್ಬು ಇರುವ ಹಲ್ಲಾಬೊಂಗ್ ಕಿತ್ತಳೆ ಹುಟ್ಟಿದ್ದು ಜಪಾನಿನಲ್ಲಿ. ಆ ಉಬ್ಬು ತಮ್ಮ 1,947 ಮೀಟರಿನ ಹಲ್ಲಾಸಾನ್ ಬೆಟ್ಟದ ತುದಿಯಂತಿದೆ ಅಂತ ಇವರು ಅದಕ್ಕೆ ಬೆಟ್ಟದ ಹೆಸರನ್ನೇ ಇಟ್ಟುಬಿಟ್ಟರು. ಜಾಣರಪ್ಪಾ! ಇನ್ನು ಕುಡಿಯುವ ನೀರು. ಲಾವಾ ಕಲ್ಲಿನ ಪದರಗಳಲ್ಲಿ ಸೋಸಿ ಇಳಿದ ನೀರನ್ನು 1998ರಿಂದ ‘ಸಮ್‌ದಸೂ’ ಹೆಸರಲ್ಲಿ ಬಾಟಲಿಗೆ ತುಂಬುತ್ತಿರುವುದು ಪ್ರಾಂತ್ಯ ಸರ್ಕಾರದ್ದೇ ಸಂಸ್ಥೆ. ಸಮ್‌ದ ಅಂದರೆ ಮೂರು ಹೇರಳ: ಕಲ್ಲು, ಗಾಳಿ, ಹೆಂಗಸರು. ದ್ವೀಪದ ಹಳೇ ಗಾದೆಮಾತನ್ನು ಬಾಟಲಿಯ ಮೇಲೆ ಅಂಟಿಸಿದ್ದಾರೆ, ಅಷ್ಟೇ.

ನನಗೆ ಭಯ ಇರುವುದು ಬೇರೆ ಕಡೆ. 2016ರಲ್ಲಿ ಈ ದ್ವೀಪಕ್ಕೆ ಬಂದವರು ಒಂದೂವರೆ ಕೋಟಿಗೂ ಹೆಚ್ಚು. ಅಲ್ಲಿ ವಾಸ ಇರುವವರೇ ಏಳು ಲಕ್ಷ ಇಲ್ಲ! ಬಂದವರಲ್ಲಿ 30 ಲಕ್ಷ ಚೀನೀಯರು. ಕ್ಷಿಪಣಿ ತಡೆ ವ್ಯವಸ್ಥೆಯ ವಿಚಾರಕ್ಕೆ ದಕ್ಷಿಣ ಕೊರಿಯಾಕ್ಕೂ ಚೀನಾಕ್ಕೂ ಜಗಳ ಹತ್ತಿತ್ತು. ಮರುವರ್ಷ ಮಾರ್ಚಿನಲ್ಲಿ ಚೀನಾ ಅಲ್ಲಿಗೆ ಗುಂಪು ಪ್ರವಾಸಗಳನ್ನು ನಿಲ್ಲಿಸಿತು. ಆ ವರ್ಷ ಬಂದ ಚೀನೀಯರು ಹಿಂದಿನ ವರ್ಷದ ಮೂರನೇ ಒಂದರಷ್ಟೂ ಇರಲಿಲ್ಲ. ಒಬ್ಬನೇ ಗಿರಾಕಿಯನ್ನು ನೆಚ್ಚಿಕೊಂಡು ಅಂಗಡಿ ದೊಡ್ಡದು ಮಾಡಿದರೆ ಆಗುವುದು ಹೀಗೇ.

ಹೇಗೆ ಹೋಗಬೇಕು ಅಂದಿರಿ. ನಡೆದು ಹೋಗಿ. ಜೆಜು ಮಾತಿನಲ್ಲಿ ಮನೆ ಬಾಗಿಲಿಂದ ಬೀದಿಗೆ ಹೋಗುವ ಕಲ್ಲುಗೋಡೆಯ ಓಣಿಗೆ ‘ಒಲ್ಲೆ’ ಅನ್ನುತ್ತಾರೆ. ನಮ್ಮ ಕಿವಿಗೆ ‘ಬೇಡ’ ಅಂದಂತೆ ಕೇಳುತ್ತದೆ, ಸಿಲಿಂಡರ್ ಬೇಡ ಅಂದವರ ಊರಿಗೆ ಒಪ್ಪುವ ಮಾತೇ ಬಿಡಿ. ಪತ್ರಕರ್ತೆಯಾಗಿದ್ದ ಸೊ ಮ್ಯೊಂಗ್‌ಸುಕ್ ಸ್ಪೇನಿನ ಸ್ಯಾಂಟಿಯಾಗೊ ಯಾತ್ರೆಯ ಹಾದಿ ನಡೆದು, ತಮ್ಮ ಹುಟ್ಟೂರಿಗೆ ಮರಳಿ 2007ರಲ್ಲಿ ಮೊದಲ ಒಲ್ಲೆ ಹಾದಿ ತೆರೆದರು. ಈಗ 27 ಹಾದಿ, 437 ಕಿಲೋಮೀಟರ್. 2012ರಲ್ಲಿ ಜಪಾನಿನ ಕ್ಯುಶು ದ್ವೀಪ ಈ ಹೆಸರನ್ನೇ ತೆಗೆದುಕೊಂಡು ತನ್ನ ಹಾದಿಗಳಿಗೆ ಇಟ್ಟುಕೊಂಡಿತು. ಕಿತ್ತಳೆ ಆ ಕಡೆಯಿಂದ ಬಂತು, ಓಣಿ ಈ ಕಡೆಯಿಂದ ಹೋಯಿತು.

ಹಾದಿಯುದ್ದಕ್ಕೂ ಮರಗಳಿಗೆ ನೀಲಿ, ಕಿತ್ತಳೆ ಬಣ್ಣದ ರಿಬ್ಬನ್ ಕಟ್ಟಿರುತ್ತಾರೆ. ಅಲ್ಲಲ್ಲಿ ಪುಟ್ಟ ಕುದುರೆಯ ಗುರುತು ಇರುತ್ತದೆ, ಅದರ ತಲೆ ಯಾವ ಕಡೆಗೋ ಆ ಕಡೆಗೆ ನಡೆಯಬೇಕು. ತುಂಬಾ ಹೊತ್ತು ರಿಬ್ಬನ್ ಕಾಣದಿದ್ದರೆ ಸುಮ್ನೆ ಮುಂದೆ ಹೋಗಬೇಡಿ. ಕೊನೆಯ ಸಲ ರಿಬ್ಬನ್ ಕಂಡ ಜಾಗಕ್ಕೆ ವಾಪಸ್ ಬನ್ನಿ.

— ಸಂಪಾದಕ