ಹಾಡುವವರು ಬರಲೇ ಇಲ್ಲ!

ಪ್ರಶ್ನೆ: ನನಗೆ 67 ವರ್ಷ, ನಿವೃತ್ತ ಮೇಷ್ಟ್ರು. ಭಾವಗೀತೆ, ಹಳೇ ಚಿತ್ರಗೀತೆ ಬಿಟ್ಟು ಬೇರೆ ಕೇಳಿದವನಲ್ಲ. ಮೊನ್ನೆ ಬೆಂಗಳೂರಿನಿಂದ ಬಂದ ಮೊಮ್ಮಗ "ತಾತ, ಇದನ್ನ ಒಂದ್ಸಲ ಪೂರ್ತಿ ಕೇಳಿ" ಅಂತ ತನ್ನ ಹೆಡ್‌ಫೋನ್ ನನ್ನ ತಲೆಗೆ ಹಾಕಿದ. ಜೆ ಡಿಲ್ಲಾ ಅನ್ನುವವರ 'ಡೋನಟ್ಸ್' ಅಂತೆ, ಹಿಪ್‌ಹಾಪ್ ಅಂತೆ. ಹಿಪ್‌ಹಾಪ್ ಅಂದರೆ ಪಟಪಟ ಅಂತ ಮಾತಾಡುವ ಹಾಡು ಅಂದುಕೊಂಡು ಕಾದೆ. ಹಾಡುವವರು ಬರಲೇ ಇಲ್ಲ. ಒಂದು ಶುರುವಾಯಿತು ಅನ್ನುವಷ್ಟರಲ್ಲಿ ಮುಗಿದು ಇನ್ನೊಂದು. ನಡುನಡುವೆ ಸೈರನ್ ಬೇರೆ. ಇದು ಅರ್ಧಕ್ಕೆ ಬಿಟ್ಟ ಕೆಲಸವಾ? ಬೇರೆಯವರ ಹಾಡು ಕತ್ತರಿಸಿ ಹಾಕುವುದು ಕಳ್ಳತನ ಅಲ್ವಾ? ಮೊಮ್ಮಗನಿಗೆ "ಚೆನ್ನಾಗಿದೆ" ಅಂತ ಸುಳ್ಳು ಹೇಳಿದ್ದೇನೆ. ಮುಂದಿನ ವಾರ ಮತ್ತೆ ಬರುತ್ತಾನೆ.
— ಓದುಗ, ಹಾಸನ

ಉತ್ತರ: ಮೇಷ್ಟ್ರೇ, ಆ ಸುಳ್ಳನ್ನು ನಾನೂ ಹೇಳಿದ್ದೆ. ನಾನು ಇದನ್ನು ಮೊದಲು ಕೇಳಿದ್ದು ರಾತ್ರಿ ಬಸ್ಸಿನಲ್ಲಿ. ಇಯರ್‌ಫೋನಿನ ಒಂದು ಕಡೆ ಕೆಟ್ಟಿತ್ತು, ಸಾಲದು ಅಂತ ಮೊಬೈಲ್ ಶಫಲ್‌ನಲ್ಲಿತ್ತು. 31 ತುಣುಕುಗಳು ಹಿಂದುಮುಂದಾಗಿ ಬಂದವು, ಹಾಳೆ ಕಳಚಿದ ಪುಸ್ತಕವನ್ನು ಗಾಳಿಗೆ ಹಿಡಿದ ಹಾಗೆ. ಗೆಳೆಯನಿಗೆ "ಸೂಪರ್" ಅಂದೆ, ಸುಮ್ನೆ.

ಹಾಡುವವರನ್ನು ನೀವು ಕಾದಿದ್ದು ತಪ್ಪೇನಲ್ಲ. ಹಿಪ್‌ಹಾಪ್‌ನಲ್ಲಿ ಬೀಟ್ (ಹಾಡಿನ ಹಿಂದೆ ಬರುವ ತಾಳ, ಸಂಗೀತ) ಕಟ್ಟುವವರು ಒಂದೊಂದು ನಿಮಿಷದ ತುಣುಕುಗಳನ್ನು ಟೇಪಿಗೆ ತುಂಬಿ, ನೀವು ಹೇಳಿದ ಹಾಗೆ ಪಟಪಟ ಮಾತಾಡಿ ಹಾಡುವ ರ‍್ಯಾಪರ್‌ಗಳಿಗೆ ಕೊಡುವ ರೂಢಿ ಇದೆ. ಸೀರೆ ಅಂಗಡಿಯಲ್ಲಿ ಒಂದೊಂದೇ ಬಿಚ್ಚಿ ತೋರಿಸುತ್ತಾರಲ್ಲ, ಹಾಗೆ. ಬೇಕಾದ್ದನ್ನು ಅವರು ಆರಿಸಿಕೊಳ್ಳುತ್ತಾರೆ. 'ಡೋನಟ್ಸ್' ಆ ರೂಢಿಯಿಂದಲೇ ಬಂದದ್ದು. ಇದರಲ್ಲಿರುವ ಒಂದು ಬೀಟಿನ ಮೇಲೆ ಘೋಸ್ಟ್‌ಫೇಸ್ ಕಿಲ್ಲಾ ಅನ್ನುವ ರ‍್ಯಾಪರ್ ಅದೇ ವರ್ಷ ಹಾಡಿಯೂ ಬಿಟ್ಟರು. ಆದರೆ ಡಿಲ್ಲಾ ಇಲ್ಲಿ ಟೇಪನ್ನೇ ಆಲ್ಬಂ ಮಾಡಿಬಿಟ್ಟರು. ಭಾವಗೀತೆ ಕೇಳಿ ಬೆಳೆದ ಕಿವಿ ಮೊದಲು ಸಾಹಿತ್ಯ ಎಲ್ಲಿ ಅಂತ ಹುಡುಕುತ್ತದೆ. ಸಂಗೀತ ಕಛೇರಿಯಲ್ಲಿ ತನಿ, ಅಂದರೆ ಮೃದಂಗದವರ ಸರದಿ, ಶುರುವಾದ ತಕ್ಷಣ ಕಾಫಿಗೆ ಏಳುವವರಿಗೂ ಇದೇ ತೊಂದರೆ ತಾನೆ? (ನಾನೂ ಎದ್ದಿದ್ದೇನೆ.)

ಈಗ ಒಂದು ಕೆಲಸ ಮಾಡಿ. ಪೂರ್ತಿ ಆಲ್ಬಂ ಬೇಡ. ಹದಿನೆಂಟನೆಯದು, 'ಡೋಂಟ್ ಕ್ರೈ' ಹಾಕಿ. ಮೊದಲು ಒಂದು ಹಳೇ ಸೋಲ್ (ಅಮೆರಿಕದ ಕಪ್ಪುಜನರ ಭಾವತುಂಬಿದ ಹಾಡಿನ ಶೈಲಿ) ಹಾಡು ಹೆಚ್ಚುಕಡಿಮೆ ಇದ್ದ ಹಾಗೇ ಬರುತ್ತದೆ. ನೀನು ಅಳುವುದನ್ನು ನೋಡಲಾರೆ ಅನ್ನುವ ಅರ್ಥದ ಹಾಡು. ಹಾಡಿದವರು ಎಸ್ಕಾರ್ಟ್ಸ್ ಅಂತ, ನ್ಯೂಜೆರ್ಸಿಯ ರಾಹ್‌ವೇ ಜೈಲಿನೊಳಗೆ ಕೈದಿಗಳು ಕಟ್ಟಿಕೊಂಡ ತಂಡ. ಸ್ವಲ್ಪ ಹೊತ್ತು ಆದ ಮೇಲೆ ಡಿಲ್ಲಾ ಕತ್ತರಿ ಹಿಡಿಯುತ್ತಾರೆ. ಅರ್ಧ ಮಾತು, ಒಂದು ಉಸಿರು, ಡ್ರಮ್ಮಿನ ಒಂದು ಏಟು, ಇವನ್ನೆಲ್ಲ ಬಿಡಿಸಿ ಬೇರೆಯದೇ ನಡೆಗೆ ಜೋಡಿಸುತ್ತಾರೆ. ಅದೇ ಗಂಟಲು, ಅದೇ ದುಃಖ, ಆದರೆ ಈಗ ಬಿಕ್ಕಿದ ಹಾಗೆ ಕೇಳುತ್ತದೆ. ಮೊದಲು ಬಟ್ಟೆ ತೋರಿಸಿ ಆಮೇಲೆ ನಿಮ್ಮ ಕಣ್ಣೆದುರೇ ಹೊಲಿದು ಕೊಟ್ಟ ಹಾಗೆ. ಆ ಹೊಲಿಗೆ ಎಲ್ಲಿ ಬಿತ್ತು ಅಂತ ಹಿಡಿಯಿರಿ. ಇಡೀ ಆಲ್ಬಮ್ಮಿನಲ್ಲಿ ಕೇಳಬೇಕಾದ್ದು ಅದೇ.

ಅರ್ಧಕ್ಕೆ ಬಿಟ್ಟದ್ದಂತೂ ಅಲ್ಲ. ಮೊದಲ ತುಣುಕಿನ ಹೆಸರೇ 'ಔಟ್ರೋ', ಅಂದರೆ ಮುಕ್ತಾಯ. ಕೊನೆಯದು 'ವೆಲ್‌ಕಮ್ ಟು ದ ಶೋ'! ಕೊನೆಯದು ಮುಗಿಯುವ ಜಾಗದಿಂದ ಮೊದಲನೆಯದು ಶುರುವಾಗುತ್ತದೆ. ಡೋನಟ್ ಅಂದರೆ ಗುಂಡಗೆ ತೂತಿರುವ ತಿಂಡಿ, ನಮ್ಮ ಉದ್ದಿನ ವಡೆಗೆ ಸಕ್ಕರೆ ಹಚ್ಚಿದ ಹಾಗೆ. ಅದಕ್ಕೇ ಶಫಲ್ ಬೇಡ ಅನ್ನುವುದು. ನಿಮ್ಮನ್ನು ಬೆಚ್ಚಿಬೀಳಿಸಿದ ಆ ಸೈರನ್ ಮ್ಯಾಂಟ್ರಾನಿಕ್ಸ್ ಅನ್ನುವವರ 1988ರ ಹಾಡಿನಿಂದ ಎತ್ತಿದ್ದು. ಡಿಲ್ಲಾ ಅದನ್ನು ರುಜು ಹಾಕಿದ ಹಾಗೆ ಅಲ್ಲಲ್ಲಿ ಒತ್ತುತ್ತಾರೆ. ನನಗೂ ಅದು ಸ್ವಲ್ಪ ಜಾಸ್ತಿ ಆಯಿತು ಅನಿಸುತ್ತದೆ.

ಮೊಮ್ಮಗ ಹೇಳಿದನೋ ಇಲ್ಲವೋ, ಡಿಲ್ಲಾ ಡೆಟ್ರಾಯಿಟ್‌ನವರು. ರಕ್ತದ ಅಪರೂಪದ ಕಾಯಿಲೆ, ಜೊತೆಗೆ ಲೂಪಸ್, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ. ಆಸ್ಪತ್ರೆಗೂ ಮನೆಗೂ ಓಡಾಡುತ್ತಿದ್ದ ಕಾಲದ ಆಲ್ಬಂ ಇದು. ಹೊರಬಂದದ್ದು 2006ರ ಫೆಬ್ರುವರಿ 7ಕ್ಕೆ, ಅವರಿಗೆ 32 ತುಂಬಿದ ದಿನ. ಮೂರು ದಿನಕ್ಕೆ ಹೋಗಿಬಿಟ್ಟರು. ಹಾಗಾಗಿ 'ಡೋಂಟ್ ಕ್ರೈ' ಅನ್ನುವುದು ಆರೈಕೆ ಮಾಡುತ್ತಿದ್ದ ತಾಯಿಗೆ ಹೇಳಿದ ಮಾತು ಅಂತ ಅನೇಕರು ಕೇಳುತ್ತಾರೆ. ಅಷ್ಟು ಎಳೆಯಬೇಕಾ ಅಂತ ಒಮ್ಮೊಮ್ಮೆ ಅನಿಸುತ್ತದೆ, ಆದರೂ ಒಮ್ಮೆ ಹಾಗೆ ಕೇಳಿದ ಮೇಲೆ ಬೇರೆ ಥರ ಕೇಳಲು ನನಗಂತೂ ಆಗಿಲ್ಲ. ಅವರು ಬೀಟ್ ಕಟ್ಟುತ್ತಿದ್ದ ಎಂಪಿಸಿ 3000 ಅನ್ನುವ ಯಂತ್ರ ಈಗ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿದೆ. ಕೊಟ್ಟದ್ದು ಆ ತಾಯಿಯೇ.

ಕಳ್ಳತನದ ಮಾತು. ಇದೇ ಪ್ರಶ್ನೆ 1991ರಲ್ಲಿ ನ್ಯೂಯಾರ್ಕಿನ ಕೋರ್ಟಿಗೆ ಹೋಗಿತ್ತು. ರ‍್ಯಾಪರ್ ಬಿಜ್ ಮಾರ್ಕಿ ಕೇಳದೆ ಒಂದು ಹಾಡಿನ ತುಣುಕು ಬಳಸಿದ್ದರು. ಜಡ್ಜ್ ತೀರ್ಪು ಶುರು ಮಾಡಿದ್ದೇ ಬೈಬಲಿನ 'ಕದಿಯಬೇಡ' ಅನ್ನುವ ಆಜ್ಞೆಯಿಂದ. ಅಲ್ಲಿಂದ ಮುಂದೆ ತುಣುಕು ಎತ್ತುವವರು ಅನುಮತಿ ಕೇಳಿ, ದುಡ್ಡು ಕೊಡುವುದು ರೂಢಿಯಾಯಿತು. ಕೇಳದೆ ಎತ್ತಿದರೆ ಅದು ತಪ್ಪೇ, ಅದರಲ್ಲಿ ನಾನು ನಿಮ್ಮ ಕಡೆ. ಆದರೆ ಕತ್ತರಿಸಿ ಜೋಡಿಸುವುದು ಕೆಲಸವೇ ಅಲ್ಲ ಅಂದರೆ ಒಪ್ಪುವುದಿಲ್ಲ. ಕೌದಿ ಹೊಲಿಯುವ ಅಜ್ಜಿ ಬಟ್ಟೆ ನೇಯ್ದಿಲ್ಲ ನಿಜ, ಕೌದಿ ಅವಳದ್ದೇ ಅಲ್ವಾ?

ಮೊಮ್ಮಗ ಬಂದಾಗ ಮ್ಯಾಡ್‌ಲಿಬ್ ಅನ್ನುವವರು 2007ರಲ್ಲಿ ಮಾಡಿದ 'ಬೀಟ್ ಕಂಡಕ್ಟಾ ಇನ್ ಇಂಡಿಯಾ' ಹಾಕಿಸಿ. ಹೆಚ್ಚಾಗಿ ಹಳೇ ಹಿಂದಿ ಸಿನಿಮಾ ಸಂಗೀತದ ತುಣುಕುಗಳು. ಅಲ್ಲಿ ನೀವೇ ಮೇಷ್ಟ್ರು, ಯಾವ ಹಾಡು ಅಂತ ಅವನು ನಿಮ್ಮನ್ನು ಕೇಳಬೇಕು.

ಪ್ರಶ್ನೆ: ಪರೀಕ್ಷೆಗೆ ಓದುವಾಗ ಲೋ-ಫೈ ಬೀಟ್ಸ್ ಹಾಕಿಕೊಳ್ಳುತ್ತೇನೆ. 'ಡೋನಟ್ಸ್' ಕೂಡ ಅದೇ ಥರದ್ದಾ?
— ವಿದ್ಯಾರ್ಥಿನಿ, ಮೈಸೂರು

ಉತ್ತರ: ನೆಂಟರು ಹೌದು, ಅದೇ ಅಲ್ಲ. ಲೋ-ಫೈ, ಅಂದರೆ ಹಿನ್ನೆಲೆಯಲ್ಲಿ ಮೆತ್ತಗೆ ಹರಿಯುವ ಬೀಟ್‌ಗಳು, ನಿಮ್ಮನ್ನು ಓದಲು ಬಿಡುತ್ತದೆ, ಇದು ಬಿಡುವುದಿಲ್ಲ, ಸೈರನ್ ಹೊಡೆದು ಎಬ್ಬಿಸುತ್ತದೆ. ಓದುವುದಕ್ಕೆ ಜಪಾನಿನ ನುಜಾಬೆಸ್ ಅವರ 2005ರ 'ಮೋಡಲ್ ಸೋಲ್' ನೋಡಿ. ಪಿಯಾನೋ, ಜಾಝ್, ಮೆತ್ತಗಿನ ಡ್ರಮ್. ಕೆಲವದರಲ್ಲಿ ರ‍್ಯಾಪ್ ಇದೆ, ಗಣಿತ ಮಾಡುವಾಗ ಅವನ್ನು ಬಿಟ್ಟುಬಿಡಿ. ಅಂದ ಹಾಗೆ, ಇವರೂ ಹುಟ್ಟಿದ್ದು 1974ರ ಫೆಬ್ರುವರಿ 7ರಂದೇ, ಡಿಲ್ಲಾ ಹುಟ್ಟಿದ ದಿನವೇ. 'ಡೋನಟ್ಸ್' ಪರೀಕ್ಷೆ ಮುಗಿದ ದಿನ ಹಾಕಿಕೊಳ್ಳಿ.